ತೆಂಗಿನಕಾಯಿ ಅಳತೆಯ ಕುಲಾವಿ

"ಸುಮ್ನ ಕುಂದ್ರು. ಇನ್ನೊಂದೀಟ ಆತು," ಎಂದು ತೊಡೆಯ ಮೇಲಿದ್ದ ತೆಂಗಿನಕಾಯಿಗೆ ಗದರಿಸಿ ಗುರುಸಿದ್ದವ್ವ ನನ್ನನ್ನು ಅದರ ನೆತ್ತಿಗೆ ಎಳೆದಳು. ಅವಳ ತುಟಿಗಳ ನಡುವೆ ಸೂಜಿ ಇತ್ತು. ಕಾಯಿಯ ಜುಟ್ಟು ನನ್ನ ಒಳಮೈಗೆ ಚುಚ್ಚುತ್ತಿತ್ತು. ಜುಟ್ಟಿನ ಅಡಿಯ ಮೂರೂ ಕಣ್ಣು ಮುಚ್ಚಿಹೋದರೂ ಕಾಯಿ ಅಳಲಿಲ್ಲ. ಲೋಕದ ತಲೆಗಳೆಲ್ಲ ಹೀಗೆಯೇ ಇರುತ್ತವೆ ಎಂದು ನಾನು ನಂಬಿದೆ.

ನಾನು ಒಂದು ಕುಲಾವಿ. ಎಳೆಗೂಸಿನ ತಲೆಗೆ ಹಾಕಿ ಗದ್ದದ ಕೆಳಗೆ ಲಾಡಿ ಕಟ್ಟುವ ಟೋಪಿ. ನನ್ನ ಹೊರಮೈ ಗುರುಸಿದ್ದವ್ವನ ಮದುವೆಯ ಖಣದ ಕುಪ್ಪಸದ ತೋಳು. ಒಳಮೈ ಅವಳ ತಮ್ಮ ಶಿವಪುತ್ರನ ಹಳೆಯ ಧೋತರದ ತುಂಡು, ಒಗೆದೊಗೆದು ಬೆಣ್ಣೆಯಂತಾದದ್ದು. ಶಿವಪುತ್ರನಿಗೆ ಹೆಣ್ಣುಮಗು ಹುಟ್ಟಿತ್ತು. ಅದಕ್ಕಾಗಿಯೇ ನಾನು ಹುಟ್ಟಿದೆ.

ಗುಳೇದಗುಡ್ಡದ ಆ ಓಣಿಯ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿಯುವವಳು ಗುರುಸಿದ್ದವ್ವ. ಅಳತೆಯ ಟೇಪು ಸದಾ ಅವಳ ಕೊರಳಲ್ಲಿ. ಯಾರ ತೋಳು ಈ ವರ್ಷ ಎಷ್ಟು ದಪ್ಪವಾಯಿತೆಂಬುದು ಅವರವರ ಗಂಡಂದಿರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಕೂಸಿಗೆ ಮಾತ್ರ ಅವಳು ಟೇಪು ಹಿಡಿಯಳು. ಹಿಡಿದರೆ ಕೂಸು ಅಷ್ಟಕ್ಕೇ ನಿಂತುಬಿಡುತ್ತದೆ ಎಂದು ಅವಳ ಹೆದರಿಕೆ. ಆದ್ದರಿಂದ ತೆಂಗಿನಕಾಯಿ.

ತೊಟ್ಟಿಲಿಗೆ ಹಾಕುವ ದಿನ ಬಂತು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು, ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಆಮೇಲೆ ಅವಳು ತಂದ ಕುಲಾವಿ ಕೂಸಿನ ತಲೆ ಏರಬೇಕು. ಗುರುಸಿದ್ದವ್ವ ಭುವನೇಶ್ವರಿ ಎಂದಳು. ಬೆನ್ನು ತುಂಬ ಗುದ್ದು ತಿಂದಳು. ನನ್ನನ್ನು ತೊಡಿಸಿದಳು. ನಾನು ಭುವನೇಶ್ವರಿಯ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂತೆ. ಕಿವಿಗಳು ನನ್ನಿಂದ ಬಹಳ ದೂರದಲ್ಲಿದ್ದವು.

"ಅಕ್ಕಾರ, ಇದನ್ನ ತಲಿಗೆ ಹೊಲದೀರೋ, ಮೊಣಕಾಲಿಗೋ?" ಎಂದಳು ಕೂಸಿನ ತಾಯಿ ದಾಕ್ಷಾಯಿಣಿ.

"ತಲಿ ನಮ್ಮಪ್ಪಂದು, ದೊಡ್ಡದೈತಿ. ಕಾಯಿದೇನ್ ತಪ್ಪು?"

ಸಾಕ್ಷಿ ಹೇಳಬೇಕಾದ ಕಾಯಿ ಅಷ್ಟರಲ್ಲಿ ಚಟ್ನಿಯಾಗಿತ್ತು. ದಾಕ್ಷಾಯಿಣಿ ಅಂಗಡಿಯಿಂದ ತಂದಿದ್ದ, ಕರಡಿ ಕಿವಿಯ ಟೋಪಿ ತೊಡಿಸಿದಳು. ಇಲಾಸ್ಟಿಕ್ಕಿನ ಜಾತಿ, ಯಾವ ತಲೆಗಾದರೂ ಒಗ್ಗುತ್ತದೆ. ನಾನು ಗುರುಸಿದ್ದವ್ವನ ಸೊಂಟದ ಚೀಲಕ್ಕೆ ಮರಳಿದೆ.

ಮೂರು ವರ್ಷಕ್ಕೆ ದಾಕ್ಷಾಯಿಣಿಗೆ ಗಂಡುಮಗು ಹುಟ್ಟಿತು. ಗುರುಸಿದ್ದವ್ವ ನನ್ನ ಹೊಲಿಗೆ ಬಿಚ್ಚಿ ಹಳದಿ ಪಟ್ಟಿ ಸೇರಿಸಿದಳು. ಈ ಸಲ ನನ್ನನ್ನೇ ಸಂತೆಗೆ ಒಯ್ದು ಒಂದೊಂದೇ ಕಾಯಿಗೆ ತೊಡಿಸಿ ನೋಡಿದಳು.

"ಯಕ್ಕಾ, ಕಾಯಿ ಅಳ್ಳಾಡಿಸಿ ಕೊಳ್ಳೋರ್ನ ಕಂಡೇನಿ," ಎಂದ ಅಂಗಡಿಯವನು. "ಟೊಪ್ಪಗಿ ಹಾಕಿ ಕೊಳ್ಳೋರ್ನ ಇವತ್ತ ನೋಡಿದ್ನಿ."

"ನಿನಗೇನ್ ತಿಳೀತೈತಿ? ಇದಕ್ಕಿಂತ ದೊಡ್ಡ ತಲೀದು ಕೊಡು."

ಆ ಕೂಸಿಗೆ ಮಲ್ಲೇಶಿ ಎಂದು ಹೆಸರಾಯಿತು. ನನ್ನನ್ನು ತೊಡಿಸಿದ ಕೂಡಲೇ ಅವನ ಹಣೆ ಮುಚ್ಚಿತು, ಮೂಗು ಮುಚ್ಚಿತು, ಗದ್ದವೂ ಮುಚ್ಚಿತು. ಅವನು ನನ್ನೊಳಗೇ ಸೀನಿದ. "ಅಯ್ಯ, ಕೂಸೆಲ್ಲಿ ಹೋತು?" ಎಂದು ದಾಕ್ಷಾಯಿಣಿ ತೊಟ್ಟಿಲಿನ ಕೆಳಗೆಲ್ಲ ಹುಡುಕಿದಂತೆ ನಟಿಸಿದಳು. ಹೆಂಗಸರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಗುರುಸಿದ್ದವ್ವ ಊಟಕ್ಕೆ ನಿಲ್ಲದೆ ಹೋದಳು. ಅವಸರದಲ್ಲಿ ನನ್ನನ್ನೇ ಮರೆತಳು.

ಮುಂದೆ ಭುವನಾ ನನ್ನನ್ನು ಬೆಕ್ಕಿಗೆ ಹಾಕಿದಳು. ಬೆಕ್ಕು ಒಪ್ಪಲಿಲ್ಲ. ದಾಕ್ಷಾಯಿಣಿ ಉಪ್ಪಿನಕಾಯಿಯ ಭರಣಿಗೆ ಕಟ್ಟಿದಳು. ಹೇಳಲು ನಾಚಿಕೆ, ಅಲ್ಲಿ ಮಾತ್ರ ನಾನು ಅಳತೆಗೆ ಸರಿಯಾಗಿ ಕೂತೆ. ಒಂದು ದಿನ ಗುರುಸಿದ್ದವ್ವ ಬಂದವಳು ಭರಣಿ ನೋಡಿದಳು. ಲಾಡಿ ಬಿಚ್ಚಿ, ನನ್ನನ್ನು ಮನೆಗೆ ಒಯ್ದು, ಒಗೆದು, ಟ್ರಂಕಿನಲ್ಲಿಟ್ಟಳು.

ಟ್ರಂಕಿನ ತಳದಲ್ಲಿ ಇನ್ನೊಂದು ಕುಲಾವಿ ಇತ್ತು. ಕೆಂಪು, ಚಿಕ್ಕದು. ನಾನು ಮೊದಲಿನಿಂದಲೂ ಮಾತುಗಾರ. ಕೇಳಿಯೇಬಿಟ್ಟೆ.

"ನೀನು ಯಾರ ತಲೆಯ ಮೇಲಿದ್ದೆ?"

"ಗುರುಸಿದ್ದವ್ವನ ಕೂಸಿನ ತಲೆಯ ಮೇಲೆ. ಹನ್ನೊಂದು ದಿನ."

"ಸರಿಯಾಗಿ ಕೂತಿದ್ದೆಯಾ?"

"ಟೇಪು ಹಿಡಿದು ಹೊಲಿದಿದ್ದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ."

ನುಸಿಗುಳಿಗೆಯ ವಾಸನೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲೆ ಮಲಗಿದೆವು.

ಇವತ್ತು ಬೆಳಿಗ್ಗೆ ಟ್ರಂಕು ತೆರೆಯಿತು. ಮುದುಕಿ ಗುರುಸಿದ್ದವ್ವ, ಅವಳ ಪಕ್ಕದಲ್ಲಿ ನನ್ನ ಮೊದಲ ತಲೆ, ಭುವನಾ. ಮಲ್ಲೇಶಿಗೆ ಮಗಳು ಹುಟ್ಟಿದ್ದಾಳಂತೆ.

"ಅತ್ತಿ, ಈ ಸಲ ಸೋದರತ್ತಿ ನಾನು. ನಾಡಿದ್ದ ತೊಟ್ಲಾಗ ಹಾಕ್ತಾರ. ಇದನ್ನ ಸರಿ ಮಾಡಿಕೊಡು. ಕುಲಾವಿ ಕುಂದರ್ಲಿಲ್ಲಂದ್ರ ನನ್ನ ಮಾನ ಹೋಗತೈತಿ. ನಮ್ಮವ್ವ ಈಗ್ಲೇ ನಗಾಕ ಹತ್ಯಾಳ."

ಗುರುಸಿದ್ದವ್ವ ನನ್ನನ್ನು ಮುಷ್ಟಿಗೆ ತೊಡಿಸಿಕೊಂಡು ತಿರುಗಿಸಿ ನೋಡಿದಳು. ಭುವನಾ ಚೀಲದಿಂದ ಹೊಸ ಟೇಪು ತೆಗೆದು ಅವಳ ಮಡಿಲಿಗೆ ಹಾಕಿದಳು.

"ಕೂಸು ಇಲ್ಲೇ ಎದರಿಗೆ ನಮ್ಮ ಮನ್ಯಾಗ ಮಲಗೈತಿ. ಒಂದ್ಸಲ ತಲಿ ಸುತ್ತ ಹಿಡಿ, ಎರಡ ನಿಮಿಷ. ನಾ ಯಾರ ಮುಂದೂ ಹೇಳೂದಿಲ್ಲ."

ಒಂದು ತಲೆಯ ಮೇಲೆ ಸರಿಯಾಗಿ ಕೂರಬೇಕು ಎನ್ನುವುದೊಂದೇ ನನ್ನ ಜನ್ಮದ ಆಸೆ. ಆ ಆಸೆ ಈಗ ಟೇಪಿನ ರೂಪದಲ್ಲಿ ಮಡಿಲಲ್ಲಿ ಬಿದ್ದಿತ್ತು. ಆದರೆ ನನಗೆ ಕೆಂಪು ಕುಲಾವಿ ಕಾಣುತ್ತಿತ್ತು, ಭುವನಾಳ ದೊಡ್ಡ ತಲೆಯೂ ಕಾಣುತ್ತಿತ್ತು. ನಾನು ಹೊಂದದ ಎರಡು ತಲೆಗಳೂ ಬೆಳೆದು, ಬಾಗಿಲ ತೊಲೆಗೆ ತಾಗುವಷ್ಟಾಗಿವೆ.

ಗುರುಸಿದ್ದವ್ವ ಟೇಪನ್ನು ಎರಡು ಬೆರಳಲ್ಲಿ ಎತ್ತಿ ಭುವನಾಳ ಕೈಗೇ ಹಾಕಿದಳು.

"ಒಲ್ಲೆ," ಅಂದಳು. "ಕಾಯಿ ತಗೊಂಡ್ ಬಾ."