ಆರು ಜನ ಕಮ್ಮಿ

ಬಿಳಿ ದುಪ್ಪಟಿಗೆ ನೀರು ಚಿಮುಕಿಸಿ, ಒಂದು ಅಂಚಿನಿಂದ ಕಾದ ಪೆಟ್ಟಿಗೆ ಎಳೆಯುತ್ತ ಬಂದ ಇಸ್ತ್ರಿಯಮ್ಮ ಮೂಲೆಗೆ ತಲುಪಿದ್ದೇ ಕೈ ನಿಲ್ಲಿಸಿದಳು. ಅಲ್ಲಿ ನೀಲಿ ದಾರದ ಮೂರು ಹೊಲಿಗೆ ಇತ್ತು. ಎದುರು ಮನೆಯ ಗುರುತು. ಒಂಬತ್ತು ವರ್ಷದಿಂದ ಆ ಮನೆಯ ಒಂದು ಕರವಸ್ತ್ರವೂ ಈ ಮೇಜಿನ ಮೇಲೆ ಬಂದಿರಲಿಲ್ಲ.

"ಇದು ಲೆಕ್ಕದ ಟೀಚರ್ ಮನೇದಲ್ವಾ?"

"ಹೌದು. ಅವಳಿಗೆ ಹೊದಿಸೋಕೆ. ನಾನು ಅವಳ ತಂಗಿ." ದುಪ್ಪಟಿ ತಂದಿದ್ದ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. "ಬೆಳಿಗ್ಗೆ ಬಸ್ಸಿಗೆ ಬಂದೆ. ನಿನ್ನೆ ಮಧ್ಯಾಹ್ನ ಜೀವ ಹೋಗಿದೆ, ಹಾಲಿನವನನ್ನ ಬಿಟ್ರೆ ಒಬ್ಬರೂ ಹೊಸ್ತಿಲು ತುಳಿದಿಲ್ಲ. ಏನಮ್ಮಾ, ಊರಿಗೆ ಊರೇ ಮುನಿಸಿಕೊಂಡಿದ್ಯಾ?"

ಪೆಟ್ಟಿಗೆ ನಿಂತಲ್ಲೇ ನಿಂತರೆ ಬಟ್ಟೆ ಸುಡುತ್ತದೆ. ಇಸ್ತ್ರಿಯಮ್ಮನ ಕೈ ತಾನಾಗಿಯೇ ಮುಂದೆ ಸರಿಯಿತು. ಮಡಚಿ ಕೊಟ್ಟಾಗ ತಂಗಿ ಪರ್ಸು ತೆಗೆದಳು.

"ಬೇಡ. ಹೆಣದ ಬಟ್ಟೆಗೆ ಕಾಸು ತಗೊಳ್ಳಲ್ಲ."

ಅದು ಕನಿಕರದ ಮಾತಾಗಿರಲಿಲ್ಲ. ಆ ಮನೆಯ ಕಾಸು ಅವಳಿಗೆ ಬೇಡವಾಗಿತ್ತು.

ಆದರೂ ಹತ್ತು ಗಂಟೆಯ ಹೊತ್ತಿಗೆ ಅವಳು ಬೀದಿ ದಾಟಿ ಎದುರು ಮನೆಗೆ ಹೋದಳು. ಅವಳಂತೆ ಇನ್ನೂ ಹಲವರು ಬಂದಿದ್ದರು. ಟೀಚರ ಮೇಲಿನ ಮಮತೆಯಿಂದಲ್ಲ. ಅಲ್ಲಿ ಯಾರು ಯಾರ ಬಗ್ಗೆ ಏನು ಆಡುತ್ತಾರೋ ತಿಳಿಯದೆ ಮನೆಯಲ್ಲಿ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕು ಬೀದಿ, ಒಂದು ಹಗ್ಗದ ಗಿರಣಿ, ಗಿರಣಿಯವರೇ ಕಟ್ಟಿಸಿದ ಸಾಲುಮನೆಗಳು, ಇಷ್ಟೇ ಆ ಊರು. ಒಬ್ಬರು ಕೆಮ್ಮಿದರೆ ಮೂರನೆಯ ಮನೆಯವರು ಔಷಧಿಯ ಹೆಸರು ಹೇಳುವಷ್ಟು ಒತ್ತಾದ ಗೋಡೆಗಳು. ಹಾಗಾಗಿ ಎಲ್ಲರೂ ಮೆಲ್ಲಗೆ ಮಾತಾಡಿ ರೂಢಿಯಾಗಿತ್ತು.

ಟೀಚರನ್ನು ನಡುಕೋಣೆಯ ಬೆಂಚಿನ ಮೇಲೆ ಮಲಗಿಸಿದ್ದರು. ಬಂದವರ ಕಣ್ಣು ಒಮ್ಮೆ ಅವಳ ಮುಖಕ್ಕೆ ಹೋಗಿ, ಆಮೇಲೆ ಗೋಡೆಗೆ ಒರಗಿದ ಕಬ್ಬಿಣದ ಕಪಾಟಿನ ಮೇಲೆ ನಿಲ್ಲುತ್ತಿತ್ತು. ಟೀಚರ್ ಊರಿನ ಜನರ ಎಣಿಕೆ ಮುಗಿಸಿದ ವರ್ಷವೇ ಬಂದ ಕಪಾಟು ಅದು. ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದಕ್ಕೆ ಊರಿನಲ್ಲಿ ನಾಲ್ಕಾರು ಕತೆಗಳಿದ್ದವು.

ಗಿರಣಿಯ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಹೊರಡೋಕೆ ಮುಂಚೆ ಒಂದು ಮಾತು. ಸರ್ಕಾರದ ಕಾಗದ ಪತ್ರ ಏನಾದ್ರೂ ಉಳಿದಿದ್ರೆ ನಮಗೆ ಒಪ್ಪಿಸಿಬಿಡಿ ತಾಯಿ. ಮನೆಮನೆ ವಿಷಯ ಬರ್ಕೊಂಡಿದ್ದೋರು. ನಾಳೆ ಯಾರ ಕೈಗಾದ್ರೂ ಸಿಕ್ಕಿದ್ರೆ?"

"ಅವೆಲ್ಲ ಆಗಲೇ ಆಫೀಸಿಗೆ ಹೋಗಿರ್ತವೆ," ಎಂದಳು ತಂಗಿ.

"ನಕಲು ಇಟ್ಕೊಂಡಿದ್ರೆ?"

ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ದಿಂಬಿನಡಿಯಿಂದ ಕೀಲಿ ತೆಗೆದು ಕಪಾಟನ್ನು ಪೂರಾ ತೆರೆದಳು. ನಾಲ್ಕು ಜೊತೆ ಬಟ್ಟೆ, ಒಂದು ಕೊಡೆ, ಸೀಮೆಸುಣ್ಣದ ಡಬ್ಬಿ. ಕೆಳಗಿನ ಎರಡು ಅರೆ ಬರಿದಾಗಿದ್ದವು.

ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಖಾಲಿ ಇದೆ ಅಂದ್ರೆ ಮೊದಲೇ ಸಾಗಿಸಿದ್ದಾಳೆ ಅಂತ ಅರ್ಥ."

ಇಸ್ತ್ರಿಯಮ್ಮನ ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಬಗ್ಗಿದ. "ನಾನು ಯಾರಿಗೂ ಹೇಳಿಲ್ಲ ಅಕ್ಕ. ಒಂಟಿ ಹೆಂಗಸಿನ ಮನೆಗೆ ಏಳು ಹೆಸರಿಗೆ ಕಾಗದ ಬರ್ತಿತ್ತು. ಬೇರೆಬೇರೆ ಊರಿಂದ. ಈ ಊರಲ್ಲಿ ಆ ಹೆಸರಿನೋರು ಒಬ್ಬರೂ ಇಲ್ಲ."

"ಏಳು ಹೆಸರಾ?"

"ಎಂಟು ವರ್ಷದಿಂದ. ನನ್ನ ಕೈಯಾರೆ ಕೊಟ್ಟಿದ್ದೀನಿ."

ಮೇಸ್ತ್ರಿ ತಟ್ಟನೆ ಇತ್ತ ತಿರುಗಿದ. ಆಮೇಲೆ ಹೊರಡುವ ಆತುರ ಎಲ್ಲರಿಗಿಂತ ಅವನಿಗೇ ಹೆಚ್ಚಾದಂತೆ ಕಂಡಿತು.

* * *

ಹತ್ತು ವರ್ಷಕ್ಕೊಮ್ಮೆ ಊರನ್ನು ಎಣಿಸುವ ಕೆಲಸ ಶಾಲೆಯ ಲೆಕ್ಕದ ಟೀಚರದು. ಚೀಲದಲ್ಲಿ ಉದ್ದುದ್ದ ಹಾಳೆಗಳನ್ನು ತುಂಬಿಕೊಂಡು ಅವಳು ಬೀದಿಗೆ ಇಳಿದಳೆಂದರೆ ಊರಿನ ಕೋಳಿಗಳೆಲ್ಲ ಮಾಯವಾಗುತ್ತಿದ್ದವು. ಎರಡು ಕೋಣೆಯ ಮನೆ ಒಂದು ಕೋಣೆಯದಾಗುತ್ತಿತ್ತು. ದುಡಿಯುವ ಮಗ ಕೆಲಸ ಹುಡುಕುತ್ತಿರುವ ಮಗನಾಗುತ್ತಿದ್ದ. ಬಾಡಿಗೆ ಏರಿಸುತ್ತಾರೆ, ಕೂಲಿ ಇಳಿಸುತ್ತಾರೆ, ಯಾವುದೋ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಅಂಜಿಕೆ. ಎಣಿಕೆ ಮುಗಿದ ಮೇಲೆ ಗಿರಣಿ ಗೇಟಿಗೆ ಅಂಟಿಸಿದ ಹಾಳೆಯಲ್ಲಿ ತಮ್ಮ ಬಡತನವನ್ನು ಓದಿ ಊರಿನವರೇ ನಾಚಿಕೊಂಡಿದ್ದರು.

ಆ ಸಲ ಟೀಚರ್ ಇಸ್ತ್ರಿಯಮ್ಮನ ಮನೆಗೆ ಬಂದಾಗ ಸಂಜೆ ಐದಾಗಿತ್ತು. ಆಗ ಇಬ್ಬರೂ ಗೆಳತಿಯರು. ಟೀಚರ್ ಮಂಚದ ತುದಿಗೆ ಕೂತು ಪೆನ್ನಿನ ಮುಚ್ಚಳ ತೆಗೆದಳು.

"ಮನೇಲಿ ಎಷ್ಟು ಜನ?"

"ಮೂರು. ನಾನು, ನಮ್ಮತ್ತೆ, ಮಗಳು."

"ನಿಮ್ಮ ಯಜಮಾನರು?"

"ಅವರೆಲ್ಲಿ ಇದ್ದಾರೆ ಟೀಚರ್? ಹೋಗಿ ಮೂರು ತಿಂಗಳಾಯ್ತಲ್ಲ."

ಕೂಲಿ ಹೆಚ್ಚಿಸಿ ಎಂದು ಗಲಾಟೆ ಮಾಡಿದ ಮೂವರನ್ನು ಗಿರಣಿ ಕೆಲಸದಿಂದ ತೆಗೆದಿತ್ತು. ಅವರು ಸಾಲುಮನೆಗಳಲ್ಲಿ ಕಣ್ಣಿಗೆ ಬಿದ್ದರೆ ಇಡೀ ಮನೆಯನ್ನೇ ಖಾಲಿ ಮಾಡಿಸುವುದಾಗಿ ಹೇಳಿತ್ತು. ಇಸ್ತ್ರಿಯಮ್ಮನ ಗಂಡ ಆ ಮೂವರಲ್ಲಿ ಒಬ್ಬ. ಅವನು ಎಲ್ಲಿಗೂ ಹೋಗಿರಲಿಲ್ಲ. ಅಡುಗೆಮನೆಗೆ ಹಾಕಿದ್ದ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಪರದೆ ನೆಲಕ್ಕೆ ಒಂದು ಗೇಣು ಕಮ್ಮಿ ಇತ್ತು. ಅವನ ಎರಡೂ ಪಾದ, ಎಡಗಾಲಿನ ಕಪ್ಪಾದ ಉಗುರು ಸಮೇತ, ಸ್ಪಷ್ಟವಾಗಿ ಕಾಣುತ್ತಿದ್ದವು.

ಟೀಚರ್ ಆ ಪಾದಗಳನ್ನು ನೋಡಿದಳು. ಟೀಚರ್ ನೋಡಿದ್ದನ್ನು ಇಸ್ತ್ರಿಯಮ್ಮ ನೋಡಿದಳು.

"ಮೂರೇ ಅಂತ ಬರೀಲಾ?"

"ಹೂಂ. ಮೂರೇ."

ಟೀಚರ್ ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕೂತಳು. ಆಮೇಲೆ ಬರೆದಳು. ಹೊರಡುವಾಗ, "ಪರದೆ ಒಗೆದ ಮೇಲೆ ಕುಗ್ಗಿದೆ ನೋಡಿ, ಇನ್ನೊಂದು ತುಂಡು ಸೇರಿಸಿ," ಎಂದಷ್ಟೇ ಹೇಳಿದಳು.

* * *

ಆರುನೂರು ತಲೆ ಇದ್ದರೆ ಊರಿಗೆ ಹೆರಿಗೆ ಕೋಣೆಯಿರುವ ಆಸ್ಪತ್ರೆ ಎಂಬ ನಿಯಮವಿದೆಯೆಂದು ಗೊತ್ತಾದದ್ದು ಎಣಿಕೆ ಮುಗಿದ ಮೇಲೆ. ಲೆಕ್ಕ ಐನೂರ ತೊಂಬತ್ತನಾಲ್ಕಕ್ಕೆ ನಿಂತಿತ್ತು.

"ಆರು ಜನ ಟೀಚರ್! ಬರೀ ಆರು! ಆರು ಗೀಟು ಜಾಸ್ತಿ ಎಳೆದಿದ್ರೆ ಏನು ನಿಮ್ಮ ಗಂಟು ಹೋಗ್ತಿತ್ತು?" ಎಂದು ಮೊದಲು ಕೂಗಿದವನು ಮೇಸ್ತ್ರಿ. ಟೀಚರ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ತನ್ನ ಪರವಾಗಿ ಒಂದು ಸೊಲ್ಲೂ ಎತ್ತಲಿಲ್ಲ.

ಎಣಿಕೆ ಮುಗಿದ ತಿಂಗಳಲ್ಲೇ ಮದುವೆಯಾಗಿದ್ದ ಇಸ್ತ್ರಿಯಮ್ಮನ ಮಗಳಿಗೆ ವರ್ಷ ತುಂಬುವಷ್ಟರಲ್ಲಿ ಹೆರಿಗೆಯ ನೋವು ಬಂತು. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಪೇಟೆಯ ಆಸ್ಪತ್ರೆಗೆ ಹದಿನೆಂಟು ಮೈಲಿ. ಹಗ್ಗದ ಸುರುಳಿ ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ, ಸೇತುವೆಯ ಹತ್ತಿರ, ಮಗು ಹುಟ್ಟಿತು. ಅಳಲಿಲ್ಲ. ಮಗಳು ಚೇತರಿಸಿಕೊಂಡು ಗಂಡನ ಮನೆಗೆ ಹೋದವಳು ಮತ್ತೆ ಈ ಊರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ.

ಮಗು ಹೋದ ಮಾರನೆಯ ದಿನ ಟೀಚರ್ ಬಾಗಿಲಿಗೆ ಬಂದಾಗ ಇಸ್ತ್ರಿಯಮ್ಮ ಕದ ಹಾಕಿಕೊಂಡಳು. ಅಂದಿನಿಂದ ಅಂಗಡಿಯಲ್ಲಿ ನಿಂತು ಎದುರು ಮನೆಯನ್ನು ಕಾಯತೊಡಗಿದಳು. ಭಾನುವಾರ ಮಧ್ಯಾಹ್ನ ಟೀಚರ್ ಚೀಲ ಹಿಡಿದು ಗಿರಣಿಯ ಹಿಂದಿನ ಓಣಿಗೆ ಹೋಗುವುದನ್ನು ಊರಿಗೆಲ್ಲ ಹೇಳಿದವಳು ಅವಳೇ. ಲೆಕ್ಕ ಇಳಿಸಿದ್ದಕ್ಕೆ ಗಿರಣಿಯವರು ಕೈಬಿಸಿ ಮಾಡುತ್ತಿದ್ದಾರೆ, ಹಿಂಬಾಗಿಲಿನಿಂದ ಹೋಗಿ ತರುತ್ತಾಳೆ ಎಂಬ ಮಾತು ಅಲ್ಲಿಂದ ಹುಟ್ಟಿತು. ತನ್ನ ಮನೆಯ ಪರದೆಯ ವಿಷಯ ಅವಳು ನೆನೆಯುತ್ತಿರಲಿಲ್ಲ. ನೆನಪಾದರೆ, ಒಬ್ಬನಿಂದ ಏನಾಗುತ್ತಿತ್ತು, ಇನ್ನೂ ಐದು ಕಮ್ಮಿಯೇ ಇರುತ್ತಿತ್ತಲ್ಲ, ಎಂದುಕೊಳ್ಳುತ್ತಿದ್ದಳು.

* * *

ಹೊರುವ ಹೊತ್ತು ಬಂದಾಗ ಗಂಡಸರಿಗೆಲ್ಲ ಒಮ್ಮೆಲೇ ಹೆಗಲುನೋವು ಶುರುವಾಯಿತು. ಒಬ್ಬನಿಗೆ ಬೆನ್ನು ಹಿಡಿದಿತ್ತು, ಇನ್ನೊಬ್ಬ ಡಾಕ್ಟರ ಮಾತು ಹೇಳಿದ. ಇಸ್ತ್ರಿಯಮ್ಮನ ಗಂಡ ಚಪ್ಪಲಿ ಹುಡುಕುವ ನೆಪದಲ್ಲಿ ಅಂಗಳಕ್ಕೆ ಇಳಿದ. ಹೊಸ ಮಾಲೀಕರು ಬಂದ ಮೇಲೆ ಅವನನ್ನು ಮತ್ತೆ ಗಿರಣಿಗೆ ಸೇರಿಸಿಕೊಂಡಿದ್ದರು. ಈಗ ಯಾರ ಕಣ್ಣಿಗೂ ಬೀಳದೆ ಬದುಕುವುದೇ ಅವನ ಸ್ವಭಾವವಾಗಿತ್ತು.

ಆಗ ಓಣಿಯ ಕಡೆಯಿಂದ ಏಳು ಜನ ನಡೆದು ಬಂದರು. ನಾಲ್ವರು ಗಂಡಸರು, ಮೂವರು ಹೆಂಗಸರು. ತಲೆಗೂದಲಿನಲ್ಲಿ, ರೆಪ್ಪೆಯಲ್ಲಿ ನಾರಿನ ದೂಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಊರಿನವರು ದಾರಿ ಬಿಟ್ಟರು, ಗೌರವಕ್ಕಲ್ಲ, ಮೈ ತಾಗದಿರಲೆಂದು.

"ಯಾರಯ್ಯಾ ನೀವು?" ಎಂದ ಪೋಸ್ಟ್‌ಮ್ಯಾನ್.

ಅವರಲ್ಲಿ ಹಿರಿಯಳಾದವಳು ಮೇಸ್ತ್ರಿಯತ್ತ ನೋಡದೆ ಹೇಳಿದಳು: "ಮೇಸ್ತ್ರಿಗಳ ಶೆಡ್ಡಿನೋರು. ಹುರಿ ಹೊಸೀತೀವಿ. ಭಾನುವಾರ ಭಾನುವಾರ ಟೀಚರಮ್ಮ ಬಂದು ನಮ್ಮೂರಿಗೆ ಕಾಗದ ಬರ್ದುಕೊಡೋರು. ಉತ್ತರ ಬಂದ್ರೆ ಓದಿ ಹೇಳೋರು. ಹೊರೋಕೆ ಜನ ಇಲ್ಲ ಅಂತ ಹಾಲಿನೋರು ಹೇಳಿದ್ರು. ಬಂದ್ವಿ."

"ಶೆಡ್ಡಿನೋರು ಅಂದ್ರೆ ಲಾರೀಲಿ ಬಂದು ಸಂಜೆ ಹೋಗೋರಲ್ವಾ?" ಎಂದು ಅವನೇ ಮತ್ತೆ ಕೇಳಿದ.

"ಎಲ್ಲಿಗೆ ಹೋಗೋದಣ್ಣ? ಅಲ್ಲೇ ಇದ್ದೀವಿ. ಹತ್ತು ವರ್ಷ ದಾಟ್ತು. ಹಗಲು ಹೊರಗೆ ಬರಬೇಡಿ ಅಂದಿದ್ರು."

ಅಂಗಳದಲ್ಲಿ ನಿಂತಿದ್ದವರೆಲ್ಲ ಒಂದೇ ಕೂಡುವ ಲೆಕ್ಕ ಮಾಡುತ್ತಿರುವುದು ಅವರ ತುಟಿಗಳಲ್ಲಿ ಕಾಣುತ್ತಿತ್ತು.

ಆ ಏಳು ಜನ ಟೀಚರನ್ನು ಎತ್ತಿಕೊಂಡರು. ಹಿಂದೆ ಊರು ನಡೆಯಿತು. ಇಸ್ತ್ರಿಯಮ್ಮ ಬಿರಬಿರನೆ ನಡೆದು ಮೇಸ್ತ್ರಿಯ ಸಮಕ್ಕೆ ಬಂದಳು.

"ಏಳು ಜನ ಇಟ್ಕೊಂಡು ಆರು ಜನ ಕಮ್ಮಿ ಅಂತ ನೀನೇ ಕೂಗಿದೆಯಲ್ಲೋ, ಪಾಪಿ. ನನ್ನ ಮೊಮ್ಮಗು ಸೇತುವೆ ಹತ್ರ..."

ಮೇಸ್ತ್ರಿ ನಡಿಗೆ ನಿಧಾನಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಶೆಡ್ಡಲ್ಲೇ ಜನ ಇಟ್ಟು ದುಡಿಸ್ತಿರೋದು ಗೊತ್ತಾಗಿದ್ರೆ ಗಿರಣಿಯೋರು ನನ್ನ ಚರ್ಮ ಸುಲೀತಿದ್ರು. ಹೆದರಿಕೆ ಎಲ್ಲರಿಗೂ ಇರುತ್ತೆ. ಅವತ್ತು ನಿನ್ನ ಗಂಡ ಎಲ್ಲಿದ್ದ, ಹೇಳು ನೋಡೋಣ? ಮೂರನೇ ಬೀದಿ ಮುದುಕನ ಎರಡನೇ ಸಂಸಾರ ಎಲ್ಲಿತ್ತು? ಬಾಯಿ ಬಿಡಿಸಬೇಡ. ನನ್ನ ಹತ್ರಾನೂ ಪಟ್ಟಿ ಇದೆ."

ತಂಗಿ ಬಂದು ಇಸ್ತ್ರಿಯಮ್ಮನ ತೋಳು ಹಿಡಿದಳು.

"ನಿಮಗೆ ಗೊತ್ತಿತ್ತಾ ಇದೆಲ್ಲ?" ಎಂದು ಇಸ್ತ್ರಿಯಮ್ಮ ಕೇಳಿದಳು. "ಟೀಚರಿಗೆ ಗೊತ್ತಿತ್ತು ಅಲ್ವಾ? ಯಾರ್ಯಾರ ಮನೇಲಿ ಯಾರ್ಯಾರು ಅಂತ?"

"ನಾನೂ ಅವಳನ್ನ ಬೈದಿದ್ದೆ," ಎಂದಳು ತಂಗಿ. "ಊರೋರೆಲ್ಲ ಉಗೀತಿದ್ದಾರೆ, ಇದ್ದದ್ದನ್ನ ಹೇಳಿಬಿಡೇ ಅಂದೆ. 'ಅವರು ಹೇಳಿದ್ದನ್ನ ಬರೆದ್ರೆ ಎಣಿಕೆ. ನಾನು ಕಂಡದ್ದನ್ನ ಬರೆದ್ರೆ ಅದು ಚಾಡಿ' ಅಂದ್ಲು. ಅಷ್ಟೇ. ಆದ್ರೆ ನಿಮ್ಮ ಮಗಳ ವಿಷಯ ಕೇಳಿದ ಮೇಲೆ ನಮ್ಮನೆಗೆ ಬಂದು ಮೂರು ದಿನ ಊಟ ಮಾಡ್ಲಿಲ್ಲ. ತಾನು ಮಾಡಿದ್ದು ಸರಿನಾ ತಪ್ಪಾ ಅಂತ ಕೊನೇತನಕ ಅವಳಿಗೇ ಗೊತ್ತಾಗ್ಲಿಲ್ಲ."

ಗುಂಡಿ ತೋಡಿಯಾಗಿತ್ತು. ಏಳು ಜನ ಹಗ್ಗ ಹಿಡಿದು ಮೆಲ್ಲಗೆ ಇಳಿಸಿದರು. ಹಗ್ಗದ ಕೆಲಸದವರಾದ್ದರಿಂದ ಎಲ್ಲೂ ಜಗ್ಗಲಿಲ್ಲ. ಊರಿನ ಪರವಾಗಿ ಯಾರಾದರೂ ಎರಡು ಮಾತಾಡಬೇಕಿತ್ತು. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಅವನು ಕೈಯಲ್ಲಿ ಮಣ್ಣು ಹಿಡಿದು, "ಟೀಚರ್ ನಿಷ್ಠೆಯಿಂದ..." ಎಂದು ಶುರುಮಾಡಿದ.

"ನಮ್ಮನೇಲಿ ನಾಲ್ಕು ಜನ ಇದ್ವಿ," ಎಂದಳು ಇಸ್ತ್ರಿಯಮ್ಮ.

ಮೇಸ್ತ್ರಿಯ ಮಾತು ನಿಂತಿತು.

"ನಾಲ್ಕು ಜನ ಇದ್ವಿ. ಮೂರು ಅಂದೆ. ಅವಳು ಕಣ್ಣಾರೆ ನೋಡಿದ್ಲು. ಆದ್ರೂ ಮೂರು ಅಂತಲೇ ಬರೆದ್ಲು."

ಯಾರಾದರೂ ಇನ್ನೊಬ್ಬರು ಬಾಯಿ ಬಿಡುತ್ತಾರೆಂದು ಅವಳು ಕಾದಳು. ಮೂರನೇ ಬೀದಿಯ ಮುದುಕ ಆಕಾಶ ನೋಡಿದ. ಪೋಸ್ಟ್‌ಮ್ಯಾನ್ ಸೈಕಲ್ ಮರೆತು ಬಂದೆನೆಂದು ಹೊರಟುಹೋದ. ಇಬ್ಬರು ಹೆಂಗಸರು ಅವಳ ಪಕ್ಕದಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಗಂಡ ಮಾತ್ರ ಗುಂಪಿನ ಹಿಂದಿನಿಂದ ಮುಂದೆ ಬಂದು, ಅವಳತ್ತ ನೋಡದೆ, ಗುದ್ದಲಿ ತೆಗೆದುಕೊಂಡು ಮಣ್ಣು ಎಳೆಯತೊಡಗಿದ.

ಸಂಜೆ ಇಸ್ತ್ರಿಯಮ್ಮ ಅಂಗಡಿ ತೆರೆದಿದ್ದಳು, ಕೆಲಸವಿರಲಿಲ್ಲ. ಬೀದಿಯ ಕದಗಳೆಲ್ಲ ಅರ್ಧ ಮುಚ್ಚಿದ್ದವು. ಪ್ರತಿಯೊಂದರ ಹಿಂದೆಯೂ ಯಾರೋ ನಿಂತಿರುವುದು ಗೊತ್ತಾಗುತ್ತಿತ್ತು. ಓಣಿಯಿಂದ ಶೆಡ್ಡಿನ ಹಿರಿಯಳು ಒಂದು ಬಕೆಟ್ಟು ತುಂಬ ಒಗೆದ ಬಟ್ಟೆ ಹೊತ್ತು ಬಂದು ಬೀದಿಯ ಬಾಯಲ್ಲಿ ನಿಂತಳು. ಗುಂಡಿಯ ಮಣ್ಣಿನಲ್ಲಿ ಕೊಳೆಯಾಗಿದ್ದ ಬಟ್ಟೆಗಳು. ಇಷ್ಟು ವರ್ಷ ಅವರು ಅವನ್ನೆಲ್ಲ ಎಲ್ಲಿ ಒಣಗಿಸುತ್ತಿದ್ದರೋ ಯಾರಿಗೂ ತಿಳಿದಿರಲಿಲ್ಲ. ಅವಳು ಹಗ್ಗದ ಒಂದು ತುದಿಯನ್ನು ಓಣಿಯ ಮೂಲೆಯ ದೀಪದ ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದಳು. ಇಸ್ತ್ರಿಯಮ್ಮ ಕೆಳಗಿಳಿದು ಹೋಗಿ ಆ ತುದಿಯನ್ನು ಇಸಿದುಕೊಂಡು, ಎಳೆದು ತಂದು, ತನ್ನ ಅಂಗಡಿಯ ಕಿಟಕಿಯ ಸರಳಿಗೆ ಗಂಟು ಹಾಕಿದಳು.

ಬೀದಿಗೆ ಅಡ್ಡಲಾಗಿ ಏಳು ಜನರ ಬಟ್ಟೆಗಳು ನೀರು ತೊಟ್ಟಿಕ್ಕುತ್ತ ನೇತಾಡಿದವು. ಗಿರಣಿ ಬಿಟ್ಟು ಮನೆಗೆ ಹೋಗುವವರು ಒಬ್ಬೊಬ್ಬರಾಗಿ ಬಂದು, ಅಲ್ಲಿ ಒಂದು ಕ್ಷಣ ನಿಂತು, ಸುತ್ತ ಯಾರು ನೋಡುತ್ತಿದ್ದಾರೆಂದು ನೋಡಿ, ತಲೆ ತಗ್ಗಿಸಿ ಅದರಡಿಯಲ್ಲಿ ದಾಟಿಹೋದರು.