ಪರೀಕ್ಷೆ ಮುಗೀಲಿ

ಆ ಮನೆಯವರೆಲ್ಲ ಮೆಲ್ಲಗೆ ನಡೆಯಲು ಕಲಿತು ಮೂರು ವರ್ಷವಾಗಿತ್ತು. ಅಪ್ಪ ಲಿಫ್ಟ್ ರಿಪೇರಿಯವರು. ಸಂಜೆ ಮನೆಗೆ ಬಂದರೆ ಸ್ಪ್ಯಾನರುಗಳ ಚೀಲವನ್ನು ನಿದ್ದೆಹೋದ ಮಗುವಿನಂತೆ ನೆಲಕ್ಕಿಳಿಸುತ್ತಿದ್ದರು. ಅಮ್ಮ ಸಿಂಕಿನಲ್ಲಿ ಬಟ್ಟೆ ಹಾಸಿ ಪಾತ್ರೆ ತೊಳೆಯುತ್ತಿದ್ದರು. ಅಜ್ಜಿಯ ರೇಡಿಯೋ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಮುಚ್ಚಿದ ಬಾಗಿಲ ಹಿಂದೆ ಪುಟ್ಟಿ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಎರಡು ಸಲ ಬರೆದಿದ್ದಳು, ಎರಡು ಸಲವೂ ಸೀಟು ಸಿಕ್ಕಿರಲಿಲ್ಲ.

ಮನೆಯ ಸಕಲ ಕೆಲಸಕ್ಕೂ ಒಂದೇ ಉತ್ತರ: ಪರೀಕ್ಷೆ ಮುಗೀಲಿ. ಸೋರುವ ನಲ್ಲಿಗೂ ಅದೇ, ಅಮ್ಮನ ಹಲ್ಲುನೋವಿಗೂ ಅದೇ. ಊರಿಂದ ಬರುತ್ತೇನೆಂದ ಅತ್ತೆಗೂ ಅದನ್ನೇ ಹೇಳಿದ್ದರಿಂದ ಆಕೆ ಮುನಿಸಿಕೊಂಡು ಫೋನು ಮಾಡುವುದನ್ನೇ ಬಿಟ್ಟಿದ್ದರು.

ಅಜ್ಜಿ ಲೋಟದ ಪಕ್ಕಕ್ಕೆ ನೀರು ಸುರಿಯತೊಡಗಿದಾಗ ಅರಳು ಮರಳು ಎಂದು ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಕೊನೆಗೆ ಹೊಸ್ತಿಲು ಎಡವಿ ಬಿದ್ದ ಮೇಲೆಯೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದದ್ದು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಬೇಗ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

"ಮಬ್ಬಾಗಿದ್ದು ಯಾವತ್ತೋ ಗೊತ್ತಾಗಿತ್ತು," ಎಂದರು ಅಜ್ಜಿ, ದಾರಿಯಲ್ಲಿ. "ಪರೀಕ್ಷೆ ಮುಗೀಲಿ ಅಂತ ಸುಮ್ನಿದ್ದೆ."

ಜೊತೆಗೆ ಬಂದಿದ್ದ ಪುಟ್ಟಿ ಅಜ್ಜಿಯ ಕೈ ಹಿಡಿದುಕೊಂಡಳು.

ಆ ವಾರವೇ ಮೂರನೇ ಸಲದ ಅರ್ಜಿ ಹಾಕಬೇಕಿತ್ತು. ಅಪ್ಪ ಮಾತು ತೆಗೆದರು. ಊರವರನ್ನೆಲ್ಲ ಮೇಲೆ ಹತ್ತಿಸಿ ತಾನು ಮಾತ್ರ ನೆಲಮಹಡಿಯಲ್ಲೇ ಉಳಿದವನು, ಮಗಳಾದರೂ ಮೇಲೆ ಹೋಗಲಿ, ಇಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ ಆಗಬಾರದು ಎಂದರು. ಅವರ ಮಾತಿನಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆಯಿತ್ತು. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ನಾನು ಬರೆಯಲ್ಲಪ್ಪ," ಎಂದಳು. "ಕಣ್ಣಿನ ಪಾಠ ಪೂರ್ತಿ ಬಾಯಿಪಾಠ ಬರುತ್ತೆ. ಅಜ್ಜಿ ಕಣ್ಣನ್ನ ಮಾತ್ರ ಒಂದಿನಾನೂ ನೋಡ್ಲಿಲ್ಲ."

"ನನ್ನ ನೆಪ ಮಾಡ್ಕೊಂಡು ಬಿಡಬೇಡ ಮರೀ," ಎಂದರು ಅಜ್ಜಿ, ಅವಳಿದ್ದ ಕಡೆಗಲ್ಲದೆ ಗೋಡೆಯ ಕಡೆಗೆ ತಿರುಗಿ.

"ನೆಪ ಅಲ್ಲಜ್ಜಿ. ನನ್ನ ಕೈಲಾಗಲ್ಲ ಅಂತ ಹೋದ ವರ್ಷಾನೇ ಗೊತ್ತಾಗಿತ್ತು. ನೀವೆಲ್ಲ ಅಷ್ಟು ಮೆಲ್ಲಗೆ ನಡೀತಿದ್ರಿ, ಹೆಂಗೆ ಹೇಳ್ಲಿ?"

ಮುಂದೇನು ಎಂದು ಅಮ್ಮ ಕೇಳಿದರು. ಗೊತ್ತಿಲ್ಲ ಎಂದಳು ಪುಟ್ಟಿ. ನಿಜಕ್ಕೂ ಗೊತ್ತಿರಲಿಲ್ಲ. ಜೊತೆಯವರು ಎಷ್ಟೋ ಮುಂದೆ ಹೋಗಿದ್ದರು, ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿಯ ಕಣ್ಣಂತೂ ಇನ್ನು ಬರುವಂತಿರಲಿಲ್ಲ.

ಅಪ್ಪ ಎದ್ದು, ಸ್ಟೂಲು ಹತ್ತಿ, ಕಪಾಟಿನ ಮೇಲಿನ ರೇಡಿಯೋ ಇಳಿಸಿದರು. ಧೂಳು ಒರೆಸಿ, ಅಜ್ಜಿಯ ಪಕ್ಕದಲ್ಲಿಟ್ಟು ಚಾಲೂ ಮಾಡಿದರು. ಯಾರೋ ಹಾಡುತ್ತಿದ್ದರು. ಅಜ್ಜಿಯ ಕೈ ತಡಕಾಡುತ್ತಾ ಬಂದು ಗುಂಡಿ ಹುಡುಕಿ, ಅಭ್ಯಾಸಬಲದಿಂದ, ಹಾಡು ಕೇಳದಷ್ಟು ಸಣ್ಣಗೆ ಮಾಡಿತು.

ಅಪ್ಪ ಆ ಕೈಯನ್ನು ಮೆತ್ತಗೆ ಸರಿಸಿ ಮತ್ತೆ ಜೋರು ಮಾಡಿದರು. ಪುಟ್ಟಿ ಎದ್ದುಹೋಗಿ ತನ್ನ ಕೋಣೆಯ ಬಾಗಿಲನ್ನು ತೆರೆದಿಟ್ಟು ಬಂದಳು.