ಕಣಕಾಲು ಮುಚ್ಚುವ ಶೂ

ಒಂದೊಂದು ಕಾಲಿಗೆ ಒಂದೊಂದು ಬಗೆಯ ಶೂ ಹಾಕಿಕೊಂಡು ಅವಳು ಅಂಗಡಿಯ ಕನ್ನಡಿಯೆದುರು ನಿಂತಿದ್ದಳು. ಎಡಗಾಲಿನದು ಕಣಕಾಲಿನ ಗಂಟನ್ನು ಮುಚ್ಚುವಷ್ಟು ಎತ್ತರದ ಮಿಡ್ ಕಟ್ ಶೂ. ಬಲಗಾಲಿನದು ಎಲ್ಲರೂ ಹಾಕುವಂಥ ತಗ್ಗಿನದು. ಅಂಗಡಿಯವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಯಾವುದು ಹಿತವಾಗಿದೆ ಮೇಡಂ? ಇದಾ, ಅದಾ?"

ಅವಳಿಗೆ ಅನ್ನ ಕೊಡುವ ಪ್ರಶ್ನೆಯೂ ಅದೇ. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ದೀಪ ಆರಿಸಿ, ಎದುರು ಕೂತವರ ಕಣ್ಣ ಮುಂದೆ ಗಾಜು ಬದಲಿಸುತ್ತ ದಿನವಿಡೀ ಕೇಳುತ್ತಿದ್ದಳು: ಇದು ಸ್ಪಷ್ಟವಾ, ಅದು ಸ್ಪಷ್ಟವಾ? ಮೊದಮೊದಲು ಜನ ಥಟ್ಟನೆ ಹೇಳುತ್ತಾರೆ. ಎರಡು ಗಾಜಿನ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟಾದಾಗ ಅವರ ದನಿ ಇಳಿಯುತ್ತದೆ. ಕೊನೆಗೆ, ಪಾಪ, ಇವಳಿಗೆ ಬೇಸರವಾಗಬಾರದೆಂದು ಏನೋ ಒಂದು ಹೇಳುತ್ತಾರೆ. ಆ ಉತ್ತರವನ್ನು ನಂಬಬಾರದೆಂದು ಅವಳಿಗೆ ಗೊತ್ತಿತ್ತು. ಈಗ ತಾನೇ ಆ ಕುರ್ಚಿಯಲ್ಲಿ ಕೂತಂತಾಗಿತ್ತು.

"ಎರಡೂ ಒಂದೇ ಥರ ಅನ್ಸುತ್ತೆ," ಎಂದಳು.

"ಒಂದು ಕಾಲು ಅಟ್ಟದ ಮೇಲಿದೆ, ಇನ್ನೊಂದು ನೆಲದ ಮೇಲಿದೆ. ಒಂದೇ ಥರ ಅಂತೆ," ಎಂದಳು ಬೆಂಚಿನ ಮೇಲೆ ಕೂತಿದ್ದ ನಾದಿನಿ. "ಅತ್ತಿಗೆ, ನಿಮ್ಮ ಹತ್ರ ಕಣ್ಣು ತೋರಿಸ್ಕೊಂಡವರ ಗತಿ ಏನು?"

ಬೇಸಿಗೆಯ ಶುರುವಿನಲ್ಲಿ ಟೆನಿಸ್ ಅಂಗಳದಲ್ಲಿ ಎಡಕ್ಕೆ ಓಡುತ್ತಿದ್ದವಳು, ಚೆಂಡು ಬಲಕ್ಕೆ ಬಂತೆಂದು ತಿರುಗಿದಾಗ ಎಡಗಾಲು ಉಳುಕಿತ್ತು. ಅದೇ ಕಾಲಿಗೆ ಅದು ಎರಡನೆಯ ಪೆಟ್ಟು. "ಕಣಕಾಲನ್ನ ಹಿಡಿದು ನಿಲ್ಲಿಸೋ ಶೂ ಸಿಕ್ಕಿದ್ರೆ ಆಡಿ. ಇಲ್ಲಾಂದ್ರೆ ರಾಕೆಟ್ಟನ್ನ ಮೂಲೆಗಿಡಿ," ಎಂದಿದ್ದಳು ಫಿಸಿಯೋ. ಹೇಳುವುದು ಸುಲಭ. ಎತ್ತರದ ಶೂಗಳೆಲ್ಲ ಬಾಸ್ಕೆಟ್‌ಬಾಲಿನವು. ಮೇಲಕ್ಕೆ ನೆಗೆಯುವವರಿಗೆ ಮಾಡಿದ್ದು, ಪಕ್ಕಕ್ಕೆ ಓಡಿ ಗಕ್ಕನೆ ನಿಲ್ಲುವವರಿಗಲ್ಲ. ಒಬ್ಬ ಅಂಗಡಿಯವನು ಬೆಟ್ಟ ಹತ್ತುವ ಬೂಟನ್ನೇ ಮಾರಿದ್ದ. ಅಂಗಳ ನೋಡಿಕೊಳ್ಳುವ ಮುದುಕ ಅದರ ಕಪ್ಪು ಅಟ್ಟೆಯನ್ನು ಗೋಡೆಗೆ ಉಜ್ಜಿ, ಬಿದ್ದ ಗೆರೆಯನ್ನು ತೋರಿಸಿ, "ಇದನ್ನ ಹಾಕ್ಕೊಂಡು ಒಳಗೆ ಬಂದ್ರೆ ಇನ್ನೊಂದು ಕಾಲನ್ನ ನಾನೇ ಮುರೀತೀನಿ," ಎಂದಿದ್ದ. ಕೋಚ್ ಬೇರೆ ರಾಗ ಹಾಡಿದ: ಮುಚ್ಚಿಟ್ಟ ಕಣಕಾಲು ಸೋಮಾರಿಯಾಗುತ್ತದಂತೆ. ಯಾರ ಮಾತು ಕೇಳಿದರೂ ಸರಿಯೆನಿಸುತ್ತಿತ್ತು, ಅದೇ ತೊಂದರೆ.

ಹೀಗೆ ಶನಿವಾರ ಬಂತೆಂದರೆ ಇಬ್ಬರೂ ಅಂಗಡಿ ಸುತ್ತತೊಡಗಿದ್ದರು. ಅದು ಅವರು ಡಬಲ್ಸ್ ಆಡುತ್ತಿದ್ದ ದಿನ. ಸಿಟಿ ಬಸ್ ಓಡಿಸುವ ನಾದಿನಿಗೆ ವಾರದ ರಜೆ.

ಇವಳೂ ಗಂಡನೂ ಬೇರೆಯಾಗಿ ವರ್ಷ ಕಳೆದಿತ್ತು. ಜಗಳವೇನಿಲ್ಲ, ಎಣ್ಣೆ ತೀರಿದ ದೀಪದ ಹಾಗೆ ಮಾತು ತೀರಿತ್ತು. ಆ ಮನೆಯವರು ಒಬ್ಬೊಬ್ಬರಾಗಿ ದೂರ ಸರಿದರು. ಉಳಿದವಳು ಗಂಡನ ತಂಗಿಯೊಬ್ಬಳು, ಅದೂ ಆಟಕ್ಕೆ ಜೊತೆ ಬೇಕಲ್ಲ ಎಂದು. ಇವಳು ತಿಳಿದದ್ದು ಹಾಗೆ. ಅಂಗಳದಲ್ಲಿ "ನಂದು", "ನಿಮ್ದು", "ಬಿಡಿ" ಎನ್ನುವಷ್ಟರಲ್ಲಿ ಸಂಜೆ ಮುಗಿಯುತ್ತಿತ್ತು. ಮುರಿದ ಸಂಸಾರದ ಬಗ್ಗೆ ನಾದಿನಿ ಕೇಳಲಿಲ್ಲ, ಇವಳು ಹೇಳಲಿಲ್ಲ. ಇನ್ನು ಆಟವೂ ನಿಂತರೆ ಯಾವ ನೆಪ ಹಿಡಿದು ಅವಳಿಗೆ ಫೋನ್ ಮಾಡುವುದು? ಶೂ ಬೇಕಾಗಿದ್ದದ್ದು ಅದಕ್ಕೇ.

ಆದರೆ ಹುಡುಕಾಟ ಶುರುವಾದ ಮೇಲೆ ಲೆಕ್ಕ ತಪ್ಪಿತು. ಬಸ್ಸಿನಲ್ಲಿ ಅಕ್ಕಪಕ್ಕ ಕೂತಾಗ ನಾದಿನಿ ಏನೇನೋ ಹೇಳುತ್ತಿದ್ದಳು. ದಿನಾ ಡ್ರೈವರ್ ಸೀಟಿನ ಹಿಂದೆಯೇ ಕೂತು, ಬ್ರೇಕ್ ಹಾಕಿದಾಗಲೆಲ್ಲ ತಾನೂ ಕಾಲು ಒತ್ತುವ ಅಜ್ಜಿಯ ಕಥೆ ಹೇಳಿದಳು. ಇನ್ನೊಂದು ದಿನ ಕಿಟಕಿಯಾಚೆ ನೋಡುತ್ತ, "ಅಣ್ಣ ಗಡ್ಡ ಬಿಟ್ಟಿದ್ದಾನೆ. ನೋಡಕ್ಕಾಗಲ್ಲ," ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಇಳಿಯುವ ತನಕ ಮಾತಿರಲಿಲ್ಲ, ಆದರೆ ಆ ಮೌನ ಹಗುರವಾಗಿತ್ತು. ಟೆನಿಸ್ ಅಂಗಳದಲ್ಲಿ ಅಂಥ ಮೌನ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಅಂಗಡಿಯವನು ಒಳಗಿನಿಂದ ಇನ್ನೊಂದು ಡಬ್ಬಿ ತಂದ. "ಇದೊಂದೇ ಜೊತೆ ಉಳಿದಿರೋದು ಮೇಡಂ. ಟೆನಿಸ್‌ಗೇ ಮಾಡಿದ್ದು, ಈಗ ಬರ್ತಿಲ್ಲ. ಎತ್ತರ ಒಂದಿದ್ರೆ ಸಾಲ್ದು, ಒಳಗೆ ಹಿಮ್ಮಡಿ ಅಲ್ಲಾಡಬಾರದು, ಅಡಿ ಅಗಲ ಇರಬೇಕು." ಲೇಸನ್ನು ಮೇಲಿನ ತೂತಿನವರೆಗೂ ಬಿಗಿದು ಕಟ್ಟಿದ. "ಓಡಿ ನೋಡಿ. ಮುಂದಕ್ಕಲ್ಲ, ಪಕ್ಕಕ್ಕೆ."

ಕಾಲುಚೀಲಗಳ ಸಾಲಿಗೂ ರಾಕೆಟ್ ಚೀಲಗಳ ಸಾಲಿಗೂ ನಡುವೆ ಅವಳು ಏಡಿಯ ಹಾಗೆ ಅತ್ತ ಓಡಿದಳು, ಇತ್ತ ಓಡಿದಳು, ಗಕ್ಕನೆ ನಿಂತಳು. ಯಾರೋ ಅಂಗೈಯಲ್ಲಿ ಕಣಕಾಲನ್ನು ಹಿಡಿದುಕೊಂಡ ಹಾಗಿತ್ತು. ನೋವಿಲ್ಲ. ತಿರುಗುವಾಗ ಎದೆ ಝಲ್ಲೆನ್ನಲಿಲ್ಲ. ಅಟ್ಟೆಯೂ ಬಿಳಿಯದು, ಗೆರೆ ಬೀಳದು. ಇದೇ ಶೂ, ಅನುಮಾನವೇ ಇಲ್ಲ.

"ಹೇಗಿದೆ?"

"ಬೆರಳಿಗೆ ಒತ್ತುತ್ತೆ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಬೇಕೆಂದು ಊರೆಲ್ಲ ಅಲೆದದ್ದು ಕಾಲಲ್ಲೇ ಇರುವಾಗ ಯಾಕೆ ಹಾಗಂದೆ?

ನಾದಿನಿ ಎದ್ದು ಬಂದು ಮಂಡಿಯೂರಿದಳು. ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಅಮುಕಿದಳು. ಒಂದು ಹೆಬ್ಬೆರಳು ಹಿಡಿಯುವಷ್ಟು ಜಾಗ ಖಾಲಿಯಿತ್ತು.

"ಎಲ್ಲಿ?"

"ಅಲ್ಲೇ... ಇನ್ನೂ ಸ್ವಲ್ಪ ಪಕ್ಕಕ್ಕೆ."

"ಇಲ್ಲೇನಾ?"

"ಹ್ಞೂಂ. ಅಲ್ಲೇ ಎಲ್ಲೋ."

ನಾದಿನಿ ತಲೆಯೆತ್ತಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಅಂಗಡಿಯವನಿಗೆ, "ಒತ್ತುತ್ತಂತೆ. ಎತ್ತಿಟ್ಟುಬಿಡಿ," ಎಂದಳು.

ಅಷ್ಟು ಸಲೀಸಾಗಿ. ಮೆಟ್ಟಿಲಿಳಿಯುವಾಗ ಅದೇ ಅವಳನ್ನು ಕೊರೆಯಿತು. ತನ್ನ ಸುಳ್ಳು ಗೊತ್ತಾಗಿದೆ, ಆದರೂ ಬೇಡವೆಂದಳು. ಹಾಗಾದರೆ ನಾನು ಆಡುವುದು ಇವಳಿಗೂ ಬೇಡವೇ? ಬೇರೆ ಜೊತೆ ಸಿಕ್ಕಿದ್ದಾಳೆಯೇ? ಇಷ್ಟು ವಾರ ಅಂಗಡಿಗೆ ಬಂದದ್ದು ಬರೀ ದಾಕ್ಷಿಣ್ಯಕ್ಕೋ?

"ಒತ್ತಲ್ಲ ಅಂತ ಗೊತ್ತಿದ್ದೂ ಯಾಕೆ ಹಾಗಂದೆ?"

"ನೀವ್ಯಾಕೆ ಹಾಗಂದ್ರಿ?"

"ಸಿಕ್ಕಿಬಿಟ್ರೆ ಮತ್ತೆ ಬರೀ ಆಟ ಆಗುತ್ತಲ್ಲ," ಎಂದಳು ಇವಳು. ಅದು ಪೂರ್ತಿ ನಿಜವೆನಿಸಲಿಲ್ಲ. "ಆಟ ಬೇಡ ಅಂತಲ್ಲ. ಬೇಕು ಅಂತಲೂ... ನನಗೇ ಗೊತ್ತಾಗ್ತಿಲ್ಲ ಕಣೇ. ನಿನಗೆ ಬೇರೆ ಯಾರಾದ್ರೂ ಜೊತೆ ಸಿಕ್ಕಿದ್ರೆ ಹೇಳಿಬಿಡು. ನಾನೇನೂ ಅಂದ್ಕೊಳ್ಳಲ್ಲ."

"ಅಂದ್ಕೊಳ್ಳದೆ ಏನು," ಎಂದಳು ನಾದಿನಿ. ದಾರಿಯಲ್ಲಿ ಹೋಗುವವರಿಗಾಗಿ ಗೋಡೆಗೆ ಸರಿದು ನಿಂತಳು. "ನೀವು ಬಿದ್ದ ದಿನದಿಂದ ನಾನು ರಾಕೆಟ್ ಮುಟ್ಟಿಲ್ಲ. ಆಡ್ತೀರೋ, ಬಿಡ್ತೀರೋ, ನನಗಂತೂ ಶನಿವಾರ ರಜೆ. ಮನೇಲಿ ಕೂತು ಅಣ್ಣನ ಗಡ್ಡ ನೋಡ್ಲಾ?"

ಇವಳು ಮತ್ತೆ ಮೆಟ್ಟಿಲು ಹತ್ತಿದಳು.

ಅಂಗಡಿಯವನು ಡಬ್ಬಿಯನ್ನು ಇನ್ನೂ ಮೇಲಿಟ್ಟಿರಲಿಲ್ಲ. "ಒತ್ತುತ್ತೆ ಅಂದ್ರಲ್ಲ ಮೇಡಂ?"

"ಒತ್ತಲ್ಲ."

ಅವನು ಡಬ್ಬಿಯನ್ನು ಕಟ್ಟಿಕೊಟ್ಟ.

ಬಸ್ ನಿಲ್ದಾಣದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಳು. ಆಡುತ್ತೇನೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಅವರ ಬಸ್ಸು ಬಂದು ನಿಂತಿತು. ಒಳಗಿದ್ದ ಚಾಲಕ ನಾದಿನಿಯ ಗುರುತು ಹಿಡಿದು, ಬಾಗಿಲು ತೆರೆದಿಟ್ಟೇ ಕಾದ. ನಾದಿನಿ ಕೂತಲ್ಲಿಂದಲೇ, ನೀನು ಹೋಗಪ್ಪ ಎಂದು ಕೈ ಮಾಡಿದಳು.

ಬಸ್ಸು ಹೋಯಿತು.

"ಈಗೆಲ್ಲಿಗೆ?" ಎಂದಳು ಅವಳು.

"ನನಗೇನು ಗೊತ್ತು ಅತ್ತಿಗೆ. ಏಳಿ," ಎಂದಳು ನಾದಿನಿ, ಡಬ್ಬಿಯನ್ನು ಕಂಕುಳಿಗೆ ಏರಿಸುತ್ತ.